ಅಣ್ಣನ ಜೊತೆಗೆ ಇದ್ದವನು

ಕುಡಿತ ಬಿಡಿಸಲು ಅಣ್ಣನನ್ನು ಒಳಗೇ ಇಟ್ಟುಕೊಂಡು ನೋಡುವ ಸರ್ಕಾರಿ ಜಾಗಕ್ಕಾಗಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದಲ್ಲೆಲ್ಲ ವಿಚಾರಿಸಿದೆ. ಕೊನೆಗೆ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿತು. ಆದರೆ ಗಂಡಸರ ವಾರ್ಡಿನಲ್ಲಿ ರೋಗಿಯ ಜೊತೆಗಿರಲು ಗಂಡಸೇ ಬೇಕು ಎಂದರು. ಮನೆಯಲ್ಲಿದ್ದವರು ಅವ್ವ, ಅತ್ತಿಗೆ ಮತ್ತು ನಾನು. ಗಾವಡಗೆರೆ ಕಡೆಯ ನಮ್ಮೂರಿನಲ್ಲಿ ಅದು ಹೊಗೆಸೊಪ್ಪು ಬೇಯಿಸುವ ಕಾಲ. ಸೊಪ್ಪು ಹದಮಾಡುವ ಬ್ಯಾರನ್ ಗೂಡಿನ ಬೆಂಕಿ ಬಿಟ್ಟು ಬರಲು ನೆಂಟರಾರೂ ಒಪ್ಪಲಿಲ್ಲ. ಒಪ್ಪಿದವನು ಒಬ್ಬನೇ, ಅಣ್ಣನ ಜೊತೆ ದಿನವೂ ಕುಡಿಯುತ್ತಿದ್ದ ಗೆಳೆಯ.

"ಕುರಿ ಕಾಯಕ್ಕೆ ತೋಳನ್ನ ಕಳಿಸ್ದಂಗಾಯ್ತು" ಎಂದಳು ಅತ್ತಿಗೆ.

"ತೋಳನೇ ಇರ್ಲಿ ಬುಡವ್ವ. ಕುರಿಗೆ ನನ್ ಬುಟ್ರೆ ಇನ್ಯಾರವ್ರೆ?" ಎಂದ ಬಾಗಿಲಲ್ಲಿ ನಿಂತಿದ್ದ ಗೆಳೆಯ.

ಕೆಲವು ದಿನಗಳ ಮೇಲೆ ನೋಡಲು ಹೋದೆ. ಅಣ್ಣ ಮಂಚದ ಮೇಲೆ ಗಂಜಿ ಕುಡಿಯುತ್ತಿದ್ದ. ಕೆಳಗೆ ಚಾಪೆಯಲ್ಲಿ ಕುಳಿತಿದ್ದ ಗೆಳೆಯನ ಕೈ ಅಣ್ಣನ ಕೈಗಿಂತ ಹೆಚ್ಚು ನಡುಗುತ್ತಿತ್ತು. ಬಂದಾಗಿನಿಂದ ಅವನೂ ಕುಡಿದಿರಲಿಲ್ಲ. ನರ್ಸ್ ಡಾಕ್ಟರನ್ನು ಕರೆಸಿ ಮಾತ್ರೆ ಕೊಡಿಸಿದರು. "ನೀವೂ ಅಡ್ಮಿಟ್ ಆಗ್ಬೇಕು. ನಿಮ್ಮೋರು ಯಾರನ್ನಾದ್ರೂ ಕರ್ಕೊಂಡು ಬನ್ನಿ" ಎಂದರು.

"ನಮ್ಮೋರು ಅಂದ್ರೆ ಇವ್ನೇ ಕಣಮ್ಮ."

ಅಣ್ಣನ ಕಡೆ ತೋರಿಸಿ ಹಾಗೆಂದು ಅವನು ನಕ್ಕ. ಅಥವಾ ಆ ನಗೆಯನ್ನು ಆಮೇಲೆ ನಾನೇ ಸೇರಿಸಿಕೊಂಡೆನೋ, ಹೇಳಲಾರೆ.

ಮನೆಗೆ ಕಳಿಸುವ ದಿನ ಆಪ್ತ ಸಮಾಲೋಚಕರು ಅಣ್ಣನಿಗೆ, ಹಳೆಯ ಕುಡಿತದ ಸಹವಾಸದಿಂದ ದೂರವಿರಬೇಕು ಎಂದು ಬಿಡಿಸಿ ಹೇಳಿದರು. ಗೆಳೆಯ ಅಲ್ಲೇ ಅಣ್ಣನ ಬಟ್ಟೆಯ ಚೀಲ ಹಿಡಿದು ನಿಂತಿದ್ದ. ಅಣ್ಣನಿಗಿಂತ ಮೊದಲು ಅವನೇ ತಲೆಯಾಡಿಸಿದ. ಹುಣಸೂರಿನ ಬಸ್ ನಿಲ್ದಾಣದಲ್ಲಿ ಚೀಲ ನನ್ನ ಕೈಗೆ ಕೊಟ್ಟು, "ಅಂಪಾಪುರದ ಕಡೆ ಶುಂಠಿ ಕೀಳೋ ಕೆಲ್ಸ ಅದೆ ಕಣವ್ವ" ಎಂದು ಎಚ್.ಡಿ. ಕೋಟೆಯ ಬಸ್ಸು ಹತ್ತಿದ.

ಅಣ್ಣ ಈಗ ಕುಡಿಯುವುದಿಲ್ಲ. ಸಂಜೆ, ಗೆಳೆಯ ಬೈಕಿನಲ್ಲಿ ಬರುತ್ತಿದ್ದ ಹೊತ್ತಿಗೆ, ಜಗಲಿಯಲ್ಲಿ ಕೂರುತ್ತಾನೆ. ರಸ್ತೆಯಲ್ಲಿ ಯಾವ ಬೈಕು ನಿಧಾನವಾದರೂ ಕತ್ತೆತ್ತುತ್ತಾನೆ. ಅವರಿಬ್ಬರೂ ಕುಡಿತ ಕಲಿಯುವ ಮೊದಲೂ ಹೀಗೇ ಒಬ್ಬರಿಗೊಬ್ಬರು ಕಾಯುತ್ತಿದ್ದರು ಎಂದುಕೊಳ್ಳುತ್ತೇನೆ. ಅವರು ಕುಡಿಯದೆ ಇದ್ದ ಕಾಲ ನನಗೆ ನಿಜವಾಗಿಯೂ ನೆನಪಿದೆಯೇ?

ನಿನ್ನೆ ಅಣ್ಣ ಅವನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ.

"ಬಾರ್ಲಾ, ಸೇರುಸ್ತೀನಿ. ಜೊತೆಗೆ ನಾನೇ ಇರ್ತೀನಿ."

"ಆಸ್ಪತ್ರೆಯೋರು ಅಂದಿದ್ದು ಮರೆತ್ಯಾ?"

"ನಾನೇನ್ ಬಾರಿಗಾ ಕರೀತಿರೋದು? ಆಸ್ಪತ್ರೆಗೆ ಕಣ್ಲಾ. ಕುಡ್ದಿದ್ದೀಯಾ?"

"ಊಂ. ನೀನು?"

"ಇಲ್ಲ."

"ಅಷ್ಟು ಸಾಕು ಬುಡು."

ಅಣ್ಣ ಫೋನನ್ನು ಜಗಲಿಯ ಮೇಲಿಟ್ಟ. ಅವನನ್ನು ಮತ್ತೆ ಆ ಗೆಳೆತನಕ್ಕೆ ಬಿಡಲು ನನಗೆ ಭಯ. ಬೇಡವೆನ್ನಲೂ ಮನಸ್ಸಿಲ್ಲ. ಒಳಗಿದ್ದ ಅತ್ತಿಗೆ ಕೈ ಒರೆಸಿಕೊಳ್ಳುತ್ತ ಬಂದು ಫೋನಿನ ಮೇಲೆ ಬಾಗಿದಳು.

"ಅಂಪಾಪುರ್ದಲ್ಲಿ ಎಲ್ಲಿದ್ದೀಯಣ್ಣ, ಸರ್ಯಾಗಿ ಯೋಳು. ಇವ್ರನ್ನ ನಾನೇ ಕರ್ಕಂಡ್ ಬತ್ತೀನಿ."

ಆ ಕಡೆ ಗಾಳಿಯ ಸದ್ದಷ್ಟೇ. ಅವನು ಫೋನ್ ಇಟ್ಟಿರಲಿಲ್ಲ. ಉತ್ತರಕ್ಕಾಗಿ ಮೂವರೂ ಕಾಯುತ್ತ ಕುಳಿತೆವು.