ಹುಳುಮನೆಯಲ್ಲಿ ಅಂಟಿಕೊಂಡ ಫೋಟೋಗಳು

ಮೇಲೂರಿನ ನಮ್ಮ ಮನೆಯಲ್ಲಿ ರೇಷ್ಮೆಹುಳುಗಳು ದೊಡ್ಡವಾಗಿ ಹಗಲೂ ರಾತ್ರಿ ಸೊಪ್ಪು ಮೇಯಲು ಶುರುಮಾಡಿದವೆಂದರೆ ಮನುಷ್ಯರಿಗೆ ಎರಡನೇ ದರ್ಜೆ. ಹುಳು ನಡುಮನೆಗೆ, ನಾವು ಜಗಲಿಗೆ. ಕಳೆದ ಬೇಸಿಗೆಯಲ್ಲಿ ಹೀಗೆ ಸಾಮಾನು ಎತ್ತಿಡುವಾಗ ಅಜ್ಜಿಯ ಫೋಟೋ ಡಬ್ಬ ಹುಳು ಸಾಕುವ ಸ್ಟ್ಯಾಂಡಿನ ಕೆಳಗೆ ಸೇರಿಬಿಟ್ಟಿತು. ಸೇರಿಸಿದ್ದು ಯಾರೆಂದು ಇಂದಿಗೂ ತೀರ್ಮಾನವಾಗಿಲ್ಲ. ಆಪಾದಿತರೆಲ್ಲ ಒಬ್ಬರನ್ನೊಬ್ಬರು ಸಾಕ್ಷಿಗೆ ಕರೆಯುತ್ತಾರೆ. ಹುಳುವಿಗೆ ತಂಪಿರಲೆಂದು ಕಿಟಕಿಗಳಿಗೆ ಒದ್ದೆ ಗೋಣಿತಾಟು ಕಟ್ಟಿದ್ದೆವು. ರೇಷ್ಮೆಗೂಡು ಮಾರಿ ಬಂದು ಡಬ್ಬ ತೆಗೆದರೆ, ಆ ತೇವಕ್ಕೆ ಫೋಟೋಗಳೆಲ್ಲ ಅಂಟಿ ಇಟ್ಟಿಗೆಯಾಗಿದ್ದವು.

ಅದರೊಳಗೆ ನನ್ನ ಸೋದರತ್ತೆಯ ಫೋಟೋ ಇತ್ತು. ಅಜ್ಜಿಯ ಹಿರಿಯ ಮಗಳು. ಹೈಸ್ಕೂಲು ಮುಗಿಸುವ ಮೊದಲೇ ಕಾಯಿಲೆ ಬಿದ್ದು ತೀರಿಹೋದವಳು. ಶಿಡ್ಲಘಟ್ಟದ ಸ್ಟುಡಿಯೋದಲ್ಲಿ ತೆಗೆಸಿದ್ದ ಆ ಕಪ್ಪು-ಬಿಳುಪು ಫೋಟೋ ಬಿಟ್ಟರೆ ಅವಳದು ಇನ್ನೊಂದಿಲ್ಲ. ಸ್ಟುಡಿಯೋ ಮುಚ್ಚಿ ಅಲ್ಲೀಗ ಮೊಬೈಲ್ ಅಂಗಡಿ. ಅತ್ತೆಯ ಆ ಫೋಟೋ ಅಜ್ಜಿಯದೇ ಹಳೆಯ ಫೋಟೋಗೆ ಮುಖಕ್ಕೆ ಮುಖ ಅಂಟಿಕೊಂಡಿತ್ತು.

ಅಪ್ಪ ಬ್ಲೇಡು ತಂದರು. ಅಮ್ಮ ಬಿಸಿಲಿಗಿಡೋಣ ಎಂದರು. ಬ್ಲೇಡು ಹಾಕಿದರೆ ಮುಖವೇ ಸಿಪ್ಪೆಯೇಳುತ್ತದೆ, ಬಿಸಿಲಿಗಿಟ್ಟರೆ ಸುರುಟಿ ಇನ್ನಷ್ಟು ಬಿಗಿಯುತ್ತದೆ, ತಣ್ಣೀರಲ್ಲಿ ನೆನೆಸಿದರೆ ಮೇಲಿನ ಅಂಟು ತಾನೇ ಸಡಿಲವಾಗುತ್ತದೆ ಎಂದು ನಾನು ವಾದ ಮಂಡಿಸಿದೆ. ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಗೆ ನಾನು ಎಸೆಯುವ ಪ್ರಶ್ನೆಯನ್ನು ಅಜ್ಜಿ ನನಗೇ ಎಸೆದರು.

"ಓದಿದ್ದೀಯೋ, ಮಾಡಿ ನೋಡಿದ್ದೀಯೋ?"

"ಓದಿದ್ದೀನಿ ಅಷ್ಟೆ."

"ಹಂಗಾದ್ರೆ ಮೊದ್ಲು ನಿನ್ ಮುಖ ನೆನ್ಸಮ್ಮ."

ನ್ಯಾಯವಾದ ಮಾತು. ಚಿಕ್ಕಬಳ್ಳಾಪುರದಲ್ಲಿ ಚರ್ಚೆಯಲ್ಲಿ ಗೆದ್ದ ಕಪ್ ಹಿಡಿದು ನಾನು ನಿಂತ ಫೋಟೋ ಇನ್ನೊಂದಕ್ಕೆ ಅಂಟಿತ್ತು. ಅದನ್ನು ಸ್ಟೀಲ್ ತಟ್ಟೆಗೆ ಹಾಕಿ ಫಿಲ್ಟರ್ ನೀರು ಸುರಿದೆ. ಬೋರ್ ನೀರಿನ ಬಿಳಿ ಕಲೆ ನಮ್ಮ ಬಿಂದಿಗೆಗಳನ್ನೇ ಬಿಟ್ಟಿಲ್ಲ. ಫೋಟೋಗೆ ಫಿಲ್ಟರ್ ನೀರು, ನಮಗೂ ದನಕ್ಕೂ ಬೋರ್ ನೀರು ಎಂದು ಅಪ್ಪ ಗೊಣಗಿದರು. ಸ್ವಲ್ಪ ಹೊತ್ತಿಗೆ ಎರಡೂ ಮೆಲ್ಲಗೆ ಜಾರಿ ಬೇರೆಯಾದವು. ಫೋಟೋದಲ್ಲಿ ಕಪ್‌ನ ಹಿಡಿ ಅಳಿಸಿಹೋಗಿತ್ತು, ನಾನು ಉಳಿದಿದ್ದೆ.

"ಮುಖ ನೆಂದೈತೆ, ಬಾಯಿ ನೆಂದಿಲ್ಲ" ಎಂದರು ಅಜ್ಜಿ, ಇನ್ನೂ ವಾದಿಸುತ್ತಲೇ ಇದ್ದ ನನ್ನನ್ನು ನೋಡಿ.

ಗೆದ್ದೆನೆಂದು ಸುಮ್ಮನಾಗಬಹುದಿತ್ತು. ಆದರೆ ಕಲರ್ ಫೋಟೋ ಬಿಟ್ಟಿತೆಂದರೆ ಹಳೆಯ ಕಪ್ಪು-ಬಿಳುಪೂ ಬಿಡುತ್ತದೆ ಎನ್ನಲು ಆಧಾರವೇನು? ಈ ಆಕ್ಷೇಪ ಎತ್ತಿದವಳೂ ನಾನೇ. ಅಮ್ಮ ಹಣೆ ಚಚ್ಚಿಕೊಂಡರು. ಸರಿ, ಯಾರ ಮದುವೆಯದೆಂದು ಅಜ್ಜಿಗೂ ಗೊತ್ತಿಲ್ಲದ ಹಳೆಯ ಗುಂಪು ಫೋಟೋ ಒಂದನ್ನು ನೆನೆಸಿದೆವು. ಅದೂ ಬಿಟ್ಟಿತು. ಮುಂದೂಡಲು ನನ್ನ ಬಳಿ ಇನ್ನು ಕಾರಣ ಉಳಿಯಲಿಲ್ಲ.

ಆ ಜೋಡಿಯನ್ನು ನನ್ನ ಕೈಗಿಡುವಾಗ ಅಜ್ಜಿ ಹೇಳಿದರು: "ನಂದು ಹೋದ್ರೆ ಹೋಗ್ಲಿ ಕಣಮ್ಮ. ನಾನು ಇಲ್ಲೇ ಇದೀನಲ್ಲ."

ನೀರು ಬದಲಿಸುತ್ತ ಕಾದೆವು. ಎಳೆಯಲಿಲ್ಲ. ಮೊದಲು ಒಂದು ಮೂಲೆ ಬಿಟ್ಟಿತು, ಆಮೇಲೆ ಜಡೆಯ ರಿಬ್ಬನ್, ಆಮೇಲೆ ಕೆನ್ನೆ. ಅತ್ತೆ ಪೂರ್ತಿ ಬಂದಳು. ಅಜ್ಜಿಯ ಫೋಟೋದಿಂದ ಸೆರಗಿನ ಚೂರೊಂದು ಎದ್ದುಬಂದು ಮಗಳ ಭುಜಕ್ಕೆ ಅಂಟಿ ಉಳಿದಿತ್ತು. ಬಿಡಿಸಲಾ ಎಂದು ಕೇಳಿದೆ. ಅಜ್ಜಿ ಬೇಡವೆಂದು ತಲೆಯಾಡಿಸಿದರು. ಅದೊಂದರಲ್ಲಿ ನಾನು ವಾದಿಸಲಿಲ್ಲ.

ತೊಳೆದ ಬಿದಿರು ತಟ್ಟೆಯ ಮೇಲೆ ಬಿಳಿ ಪಂಚೆ ಹಾಸಿ ನೆರಳಲ್ಲಿ ಒಣಹಾಕಿದೆವು. ಕೋಳಿ ಹತ್ತದಂತೆ ಅಜ್ಜಿ ಪಕ್ಕದಲ್ಲೇ ಕೂತರು, ಸಂಜೆಯವರೆಗೂ. ಒಣಗಿದ ಮೇಲೆ ಎಲ್ಲವನ್ನೂ ಫೋನಿನಲ್ಲಿ ತೆಗೆದು ಒಂದು ಪ್ರತಿ ಚಿಂತಾಮಣಿಯ ಚಿಕ್ಕಮ್ಮನಿಗೆ ಕಳಿಸಿದೆ. ಒಂದೇ ಕಡೆ ಇಟ್ಟಿದ್ದನ್ನು ಭದ್ರ ಎಂದು ನಾನಿನ್ನು ಒಪ್ಪುವುದಿಲ್ಲ. ಈಗ ಒಂದೊಂದಕ್ಕೂ ಬೇರೆ ಕಾಗದದ ಕವರು. ನುಸಿಗುಳಿಗೆ ಹಾಕೋಣ ಎಂಬ ವಾದದಲ್ಲಿ ಮಾತ್ರ ಸೋತೆ. ಅದರ ವಾಸನೆ ಹುಳುವಿಗೆ ಆಗಿಬರುವುದಿಲ್ಲವಂತೆ.

ಈ ಸಲದ ಹುಳುವಿನ ಬೆಳೆಗೆ ಸಾಮಾನು ಎತ್ತುವಾಗ, ಡಬ್ಬ ಯಾರ ಜವಾಬ್ದಾರಿ ಎಂಬ ಚರ್ಚೆಗೆ ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಅದನ್ನು ಎತ್ತಿಕೊಂಡು ಹೋಗಿ, ಜಗಲಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.