ಗೊಂಬೆ ಮಲಗಿಸುವ ಸಂಜೆ

ಮೈಸೂರಿನ ತ್ರಿಪುರಸುಂದರಿ ಹೊರದೇಶದ ವುಡ್‌ಬ್ರಿಡ್ಜ್‌ನಲ್ಲೂ ಪ್ರತಿ ನವರಾತ್ರಿಗೆ ತವರಿನವರು ಕೊಟ್ಟ ಪಟ್ಟದ ರಾಜ-ರಾಣಿ ಗೊಂಬೆಗಳನ್ನು ಕೂರಿಸುತ್ತಿದ್ದಳು. ಗೊಂಬೆ ನೋಡಲು ಬರುವ ಮಕ್ಕಳಿಗೆ ದಿನವೂ ತಿಂಡಿ ಕೊಡಬೇಕು. ಮಕ್ಕಳೇ ಬರುತ್ತಿರಲಿಲ್ಲ. ಚಕ್ಕುಲಿ, ರವೆ ಉಂಡೆಯೆಲ್ಲ ಗಂಡ ಬದರೀನಾಥನ ಪಾಲಾಗುತ್ತಿದ್ದವು. "ಇಷ್ಟೆಲ್ಲ ಯಾರಿಗೋಸ್ಕರ ಮಾಡ್ಬೇಕು?" ಎಂದು ಸಿಡುಕುತ್ತಲೇ ಮತ್ತೆ ಬಾಣಲೆ ಇಡುತ್ತಿದ್ದಳು.

೧೯೭೪ರ ನವರಾತ್ರಿಯಲ್ಲಿ ಪಕ್ಕದ ಮನೆಯ ಮಾರ್ಗರೆಟ್ ಗೊಂಬೆ ನೋಡಿ, ಹಬ್ಬದ ಕೊನೆಯ ಸಂಜೆ ಆರತಿ ಮಾಡಿ ಅವನ್ನು ಮಲಗಿಸುವುದೂ ಸೇರಿ ಎಲ್ಲ ವಿಚಾರಿಸಿಕೊಂಡಳು. ಬೀದಿಯ ಸಂಘದ ಸುದ್ದಿಪತ್ರ ಬರೆಯುತ್ತಿದ್ದವಳು ಅವಳೇ. ಬರಲಿರುವ ಕಾರ್ಯಕ್ರಮಗಳ ಜೊತೆ ಇದನ್ನೂ ಸೇರಿಸಿದಳು: ಶುಕ್ರವಾರ ಸಂಜೆ ಬದರೀನಾಥರ ಮನೆಯಲ್ಲಿ ಗೊಂಬೆಗಳನ್ನು ಮಲಗಿಸುತ್ತಾರೆ, ಮಕ್ಕಳೆಲ್ಲ ಬನ್ನಿ.

ಶುಕ್ರವಾರ ಬಾಗಿಲು ತೆರೆದ ತ್ರಿಪುರಸುಂದರಿ ಕಕ್ಕಾಬಿಕ್ಕಿಯಾದಳು. ಬೀದಿಯ ಮಕ್ಕಳೆಲ್ಲ ರಾತ್ರಿಯ ಪೈಜಾಮ ತೊಟ್ಟು, ದಿಂಬು ಹಿಡಿದು, ತಮ್ಮ ತಮ್ಮ ಗೊಂಬೆಗಳನ್ನು ಅವುಚಿಕೊಂಡು ನಿಂತಿದ್ದವು. ಗೊಂಬೆಗಳ ಜೊತೆ ತಾವೂ ಮಲಗಬೇಕೆಂದೇ ಅವು ತಿಳಿದಿದ್ದವು.

"ಬನ್ರೋ, ರಾಣಿ ಪಕ್ಕ ಬೇಕಾದಷ್ಟು ಜಾಗ ಇದೆ" ಎಂದಳು, ಕನ್ನಡದಲ್ಲೇ. ಆರತಿಯಾಯಿತು. ರಾಜ-ರಾಣಿಯರ ಅಕ್ಕಪಕ್ಕ ಕರಡಿ, ಮೊಲ, ಹೊಂಗೂದಲ ಬೊಂಬೆಗಳೂ ಮಲಗಿದವು. ಜೋಗುಳ ಮುಗಿಯುವಷ್ಟರಲ್ಲಿ ತಿಂಡಿ ಡಬ್ಬಗಳೂ ಬರಿದಾಗಿದ್ದವು.

"ನನಗೊಂದೂ ಉಳಿಸಲಿಲ್ವೇನೇ?" ಎಂದ ಬದರೀನಾಥ.

"ಮೆತ್ತಗೆ ಮಾತಾಡಿ" ಎಂದಳು ಅವಳು, ಕಾರ್ಪೆಟ್ಟಿನ ಮೇಲೆ ಸಾಲಾಗಿ ಮಲಗಿದ್ದವರಿಗೆ ಹೊದಿಕೆ ಹೊದಿಸುತ್ತಾ. "ಮನೇಲಿ ಮಕ್ಕಳು ಮಲಗಿದಾವೆ."