ಕಳ್ಳಿಗೆ ಕಾದವನು

ಬಸ್ ನಿಲ್ದಾಣದಲ್ಲಿ ಅವನ ಮುಖ ಕಂಡವರು ಕಡಿಮೆ, ದನಿ ಕೇಳದವರಿಲ್ಲ. ಟಿಕೆಟ್ ಕೌಂಟರಿನ ಹಿಂದೆ, ಕಪಾಟಿನಷ್ಟೇ ಅಗಲದ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಟಿತು, ಯಾರ ಮಗು ತಪ್ಪಿಸಿಕೊಂಡಿದೆ, ಯಾರ ಕೊಡೆ ಸಿಕ್ಕಿದೆ ಎಂದು ಸಾರುವುದು ಅವನ ಕೆಲಸ. ಡ್ರೈವರು ಕಂಡಕ್ಟರುಗಳಿಗೆಲ್ಲ ಅವನು ಮೈಕಣ್ಣ. ಮಾತು ಅರಳು ಹುರಿದ ಹಾಗೆ. ಒಂದು ವಾಕ್ಯ ಮುಗಿಯುವ ಮೊದಲೇ ಇನ್ನೊಂದು ನಾಲಗೆಯ ತುದಿಗೆ ಬಂದು ನಿಂತಿರುತ್ತಿತ್ತು. “ಮೈಕಣ್ಣ ಉಸಿರು ಎಳ್ಕೊಳ್ಳೋದನ್ನ ನಾನಂತೂ ಕೇಳಿಲ್ಲಪ್ಪ” ಎಂದು ಕ್ಯಾಂಟೀನಿನವನು ನಗುತ್ತಿದ್ದ.

ಇಂಥವನಿಗೆ ಕಳ್ಳಿ ಗಿಡದ ಹುಚ್ಚು ಹತ್ತಿದ್ದು ಒಂದು ಚಪ್ಪಲಿ ಡಬ್ಬಿಯಿಂದ. ಯಾರೋ ಬೆಂಚಿನ ಮೇಲೆ ಬಿಟ್ಟುಹೋಗಿದ್ದರು. ಗಂಟಲು ಒಣಗುವಷ್ಟು ಸಲ ಸಾರಿದರೂ ಯಾರೂ ಬರಲಿಲ್ಲ. ಬಿಚ್ಚಿ ನೋಡಿದರೆ ಒಳಗೆ ಐಸ್‌ಕ್ರೀಂ ಕಪ್ಪಿನಲ್ಲಿ ನಿಂಬೆಕಾಯಿಯಷ್ಟು ದುಂಡನೆಯ ಒಂದು ಕಳ್ಳಿ, ಮೈತುಂಬ ಬಿಳಿ ನೂಲಿನಂಥ ಮುಳ್ಳು. “ಎಸೀರಿ ಆಚೆ” ಎಂದರು ಮೇಲಿನವರು. ಎಸೆಯಲು ಕೈ ಬರಲಿಲ್ಲ, ಮನೆಗೆ ತಂದ.

ಮೊದಮೊದಲು ದಿನಾ ನೀರು ಹೊಯ್ದು ಅರ್ಧ ಬೇರು ಕೊಳೆಸಿದ. ಕೊಳೆತದ್ದನ್ನು ಬ್ಲೇಡಿನಿಂದ ಕೆತ್ತಿ ತೆಗೆದು, ಗಾಯ ಒಣಗಲೆಂದು ಅದನ್ನು ನೆರಳಿನಲ್ಲಿ ಕಾಗದದ ಮೇಲೆ ಮಲಗಿಸಿದ. ಆಮೇಲೆ ಕಾದ. ಕಾಯುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಹೆಂಡತಿ ಒಲೆಯ ಮೇಲೆ ಹಾಲಿಟ್ಟರೆ ಉಕ್ಕುವ ಮೊದಲೇ “ಆಯ್ತಾ?” ಎಂದು ಕೇಳುವ ಆಸಾಮಿ. ಆದರೂ ಕಾದ. ವಾರಗಳಾದ ಮೇಲೆ ಬುಡದಲ್ಲಿ ಕೂದಲೆಳೆಯಂಥ ಹೊಸ ಬೇರು ಕಂಡ ದಿನ ಹೆಂಡತಿಯನ್ನು ಹೊಲಿಗೆ ಯಂತ್ರದಿಂದ ಎಬ್ಬಿಸಿ ಕರೆತಂದು ತೋರಿಸಿದ. ಅವಳು ಬಗ್ಗಿ ನೋಡಿ, “ಇದು ಸತ್ತಿದೆಯೋ ಬದುಕಿದೆಯೋ ಅಂತ ಅದಕ್ಕೇ ಗೊತ್ತಿಲ್ಲ, ನಿಮಗೆ ಹೇಗ್ರೀ ಗೊತ್ತಾಯ್ತು?” ಎಂದಳು.

ಅಲ್ಲಿಂದ ಮಹಡಿಯ ಮೇಲೆ ಇಟ್ಟಿಗೆ ಪೇರಿಸಿ, ಹಲಗೆ ಹಾಸಿ, ಮೇಲೊಂದು ಪಾರದರ್ಶಕ ಪ್ಲಾಸ್ಟಿಕ್ ತಗಡು ಹೊದಿಸಿದ. ಕಾಯಿಸಿದ ಮೊಳೆಯಿಂದ ಕಪ್ಪುಗಳಿಗೆ ತೂತು ಕೊರೆದ. ಮರಳು, ಇಟ್ಟಿಗೆ ಚೂರು, ಸಣ್ಣ ಜಲ್ಲಿ ಜರಡಿ ಹಿಡಿದ. ಕೊಬ್ಬಿ ಬೆಳೆಯುವ ಜಾತಿಗಳು ಅವನಿಗೆ ಬೇಡವಾಗಿದ್ದವು. ವರ್ಷಕ್ಕೊಂದು ಬಟಾಣಿಯಷ್ಟೂ ಉಬ್ಬದಂಥವು, ಕಲ್ಲೋ ಗಿಡವೋ ತಿಳಿಯದಂಥವು, ಅವೇ ಬೇಕು. ಧೂಳಿನಂಥ ಬೀಜ ಬಿತ್ತಿ, ಮುಚ್ಚಳ ಮುಚ್ಚಿ, ಸಾಸಿವೆಯಷ್ಟು ಹಸಿರು ಮೊಳಕೆಗಳು ಮೂಡುವುದನ್ನು ಭೂತಗನ್ನಡಿಯಲ್ಲಿ ನೋಡುತ್ತ ಕೂರುತ್ತಿದ್ದ. ಮುಳ್ಳಿನ ಸಂದಿಯಲ್ಲಿ ಬಿಳಿ ಹಿಟ್ಟಿನಂಥ ಹುಳ ಕೂತರೆ ಸ್ಪಿರಿಟ್ಟಿನಲ್ಲಿ ಅದ್ದಿದ ಕುಂಚದಿಂದ ಒಂದೊಂದನ್ನೇ ಒರೆಸುತ್ತಿದ್ದ. ಮಹಡಿಯ ಮೇಲೆ ಮೈಕಣ್ಣನಿಗೆ ಬಾಯಿಯೇ ಇರಲಿಲ್ಲ.

ಕೆಳಗೆ ಇಳಿದ ಕೂಡಲೇ ಬಾಯಿ ವಾಪಸು ಬರುತ್ತಿತ್ತು. ಆ ಬಾಯಿಗೆ ಸಿಕ್ಕಿದವಳು ಮಗಳು.

ಒಬ್ಬಳೇ ಮಗಳು. ಮನೆಯಲ್ಲಿ ಗುಬ್ಬಿ ಎಂದೇ ಕರೆಯುತ್ತಿದ್ದರು. ಮಾತು ಕಲಿತಾಗಿನಿಂದಲೂ ಅವಳಿಗೆ ಉಗ್ಗು. ಮೊದಲ ಅಕ್ಷರ ತುಟಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಅವಳು “ಬ... ಬ...” ಎನ್ನುವಷ್ಟರಲ್ಲಿ ಅಪ್ಪ “ಬಿಸ್ಕತ್ತು ಬೇಕಂತೆ ಕೊಡಿ” ಎಂದು ಅಂಗಡಿಯವನಿಗೆ ಹೇಳಿ ಮುಗಿಸಿರುತ್ತಿದ್ದ. ಅವಳು ಕೇಳಹೊರಟದ್ದು ಬಳಪವಾಗಿರಬಹುದು. ಬಿಸ್ಕತ್ತು ಹಿಡಿದು ಸುಮ್ಮನೆ ಮನೆಗೆ ಬರುತ್ತಿದ್ದಳು. ನೆಂಟರು ಏನಾದರೂ ಕೇಳಿದರೆ ಅಪ್ಪನೇ ಉತ್ತರ. ಫೋನು ಬಂದರೂ ಅಪ್ಪನೇ. ಮಗಳಿಗೆ ಕಷ್ಟವಾಗಬಾರದು, ಎದುರಿನವರು ನಗಬಾರದು ಎಂಬುದು ಅವನ ಲೆಕ್ಕ. ಅವನು ಕೆಟ್ಟ ಮನುಷ್ಯನಲ್ಲ. ಆದರೆ ಆ ತಡೆದು ನಿಂತ ಕ್ಷಣ ಅವನಿಗೇ ಸಹಿಸಲಾಗುತ್ತಿರಲಿಲ್ಲ ಎಂಬುದೂ ನಿಜ. ಮೈಕಿನ ಮುಂದೆ ಕೂತವನಿಗೆ ಮೌನವೆಂದರೆ ಯಂತ್ರ ಕೆಟ್ಟ ಹಾಗೆ.

ಗುಬ್ಬಿ ಬೆಳೆದಳು. ಪುಟ್ಟ ಮಕ್ಕಳೆಂದರೆ ಅವಳಿಗೆ ಪ್ರಾಣ. ಓದು ಮುಗಿದ ಮೇಲೆ ಶಿಶುವಿಹಾರವೊಂದರಲ್ಲಿ ಕೆಲಸಕ್ಕೆ ಕರೆದರು. ಅಪ್ಪ ರಜೆ ಹಾಕಿ ಜೊತೆಗೆ ಹೋದ. ಬಾಗಿಲಲ್ಲೇ ನಿಲ್ಲು ಎಂದು ಅವಳು ಕಣ್ಣಿನಲ್ಲಿ ಹೇಳಿದಳು, ಅವನಿಗೆ ತಿಳಿಯಲಿಲ್ಲ. ಒಳಗೆ ಹೋಗಿ ಕುರ್ಚಿ ಎಳೆದುಕೊಂಡು ಕೂತ.

“ಮಗು ಅಮ್ಮನ್ನ ಬಿಟ್ಟು ಒಳಗೆ ಬರಲ್ಲ ಅಂತ ಅಳ್ತಿದ್ರೆ ಏನ್ಮಾಡ್ತೀಯಮ್ಮ?” ಎಂದು ಅಲ್ಲಿನ ಮೇಡಂ ಕೇಳಿದರು.

“ಮ... ಮ...” ಎಂದಳು ಗುಬ್ಬಿ.

“ಮುದ್ದು ಮಾಡ್ತಾಳೆ ಮೇಡಂ! ಎತ್ಕೊಂಡು ಆಟದ ಸಾಮಾನು ತೋರಿಸ್ತಾಳೆ, ಹಾಡು ಹೇಳ್ತಾಳೆ, ಮಕ್ಕಳು ಅಂದ್ರೆ ಇವಳಿಗೆ...”

ಮೇಡಂ ಕೈಯೆತ್ತಿ ತಡೆದರು. “ಸರ್, ಕೆಲಸ ಬೇಕಿರೋದು ನಿಮಗೋ ಅವಳಿಗೋ?”

ಕೆಲಸ ಸಿಗಲಿಲ್ಲ. ದಾರಿಯುದ್ದಕ್ಕೂ ಅವನು ಆ ಮೇಡಮ್ಮನ್ನು ಬೈಯುತ್ತ ಬಂದ. ಗುಬ್ಬಿ ಎರಡು ಹೆಜ್ಜೆ ಹಿಂದೆ ನಡೆದಳು. ಅಂದಿನಿಂದ ಅವಳು ಅಪ್ಪನೊಡನೆ ಮಾತು ಬಿಟ್ಟಳು. ಜಗಳವಾಡಿ ಬಿಟ್ಟದ್ದಲ್ಲ. ಬೇಕಾದ್ದನ್ನು ಮೊಬೈಲಿನಲ್ಲಿ ಬರೆದು ಕಳಿಸುತ್ತಿದ್ದಳು. ಪಕ್ಕದ ಕೋಣೆಯಿಂದಲೂ ಅಷ್ಟೇ. ಮೈಕಣ್ಣನಿಗೆ ಮೊದಮೊದಲು ಅದೇ ಅನುಕೂಲವೆನ್ನಿಸಿತು!

ಹೀಗಿರುವಾಗ ಚಪ್ಪಲಿ ಡಬ್ಬಿಯ ಆ ಕಳ್ಳಿಗೆ, ತಂದು ಎಷ್ಟೋ ವರ್ಷಗಳಾದ ಮೇಲೆ, ಮೊಗ್ಗು ಬಂತು. ಅಕ್ಕಿಕಾಳಿನಷ್ಟು ನಸುಗೆಂಪು ಚುಕ್ಕೆ. ಮೈಕಣ್ಣ ನಿಲ್ದಾಣಕ್ಕೆಲ್ಲ ಸಾರಿದ. ಭಾನುವಾರ ಡ್ರೈವರೊಬ್ಬ ನೋಡಲು ಬಂದ. ಮಹಡಿ ಹತ್ತಿದವನೇ, “ಇಷ್ಟೇನಾ? ಒಂಚೂರು ಬಿಡಿಸಿ ನೋಡೋಣ ಒಳಗೇನಿದೆ ಅಂತ” ಎಂದು ಉಗುರು ಚಾಚಿದ.

ಮೈಕಣ್ಣ ಅವನ ಕೈ ಹಿಡಿದುಬಿಟ್ಟ. “ಏಯ್, ಮುಟ್ಬೇಡ! ನಾವು ಬಿಡಿಸಿದ್ರೆ ಸತ್ತೇಹೋಗುತ್ತೆ ಅದು. ಬಿಡೋ, ಅದರ ಪಾಡಿಗೆ ಅದು ಬರುತ್ತೆ. ಅವಸರ ಯಾಕೆ? ಸುಮ್ನೆ ನಿಂತ್ಕೊಂಡು ಕಾಯ್ಬೇಕಷ್ಟೆ.”

ತಂತಿಯ ಮೇಲೆ ಒದ್ದೆ ಬಟ್ಟೆ ಹರವುತ್ತಿದ್ದ ಹೆಂಡತಿ ತಿರುಗಿ ನಿಂತಳು. ಅವಳು ಎಂದೂ ಹೊರಗಿನವರೆದುರು ಗಂಡನಿಗೆ ಎದುರಾಡಿದವಳಲ್ಲ. “ರೀ, ಈ ಮಾತು ಕೆಳಗಡೆ ಮನೇಲಿ ಯಾಕ್ರೀ ಬರಲ್ಲ ನಿಮ್ಮ ಬಾಯಲ್ಲಿ? ಮುಳ್ಳಿಗೆ ಇರೋ ಪುಣ್ಯ ನನ್ನ ಮಗಳಿಗಿಲ್ವಾ?”

ಡ್ರೈವರು ಏನೋ ನೆಪ ಹೇಳಿ ಇಳಿದುಹೋದ. ಮೈಕಣ್ಣ ಇಟ್ಟಿಗೆಯ ಮೇಲೆ ಕುಕ್ಕರಿಸಿದ. ಶಿಶುವಿಹಾರದ ಕೋಣೆ ಕಣ್ಣಮುಂದೆ ಬಂತು. ಅವಳ ತುಟಿಯ ಮೇಲಿದ್ದ ಆ ‘ಮ’ ಏನಾಗುವುದಿತ್ತೋ, ಅವನು ಇದುವರೆಗೆ ಕೇಳಿಯೇ ಇರಲಿಲ್ಲ. ಸುತ್ತ ನೋಡಿದರೆ ಹಲಗೆಯ ತುಂಬ ಅವನು ಕಾದು ಕಾದು ಬೆಳೆಸಿದ ಗಿಡಗಳು. ಮುಖ ಎತ್ತಿ ಅವನ್ನು ನೋಡುವುದೂ ಬೇಡವೆನ್ನಿಸಿತು.

ಸಂಜೆ ಮಗಳ ಕೋಣೆಗೆ ಹೋದ. ಬಾಗಿಲಲ್ಲಿ ನಿಂತು, “ತಪ್ಪಾಯ್ತು ಗುಬ್ಬಿ, ನಾನು ಹಾಗೆ ಮಧ್ಯೆ ಬಾಯಿ ಹಾಕ್ಬಾರ್ದಿತ್ತು, ಇನ್ಮೇಲೆ ಹಾಕಲ್ಲ, ಮನಸ್ಸಲ್ಲಿ ಇಟ್ಕೋಬೇಡ, ಆಯ್ತಾ?” ಎಂದ. ಒಂದೇ ಉಸಿರಿನಲ್ಲಿ, ಬಸ್ಸು ಹೊರಡುತ್ತಿದೆ ಎಂದ ಹಾಗೆಯೇ ಬಂತು.

ಗುಬ್ಬಿ ಮೊಬೈಲು ಪಕ್ಕಕ್ಕಿಟ್ಟಳು. ಆಮೇಲೆ ತಡೆದು ತಡೆದು ಕೇಳಿದಳು: “ಇ... ಇದನ್ನೂ ಬೇಗ ಮುಗಿಸ್ಬೇಕಾ, ಅಪ್ಪ?”

ಅವನು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೊರಬಂದ.

ಅಂದಿನಿಂದ ಅವನು ಬಾಯಿ ಕಟ್ಟಿದ. ಅದೂ ಒಂದು ಫಜೀತಿಯೇ ಆಯಿತು. ಅವಳು ಅಪರೂಪಕ್ಕೆ ಮಾತು ಶುರುಮಾಡಿದರೆ ಕೈ ಕಟ್ಟಿ, ಮುಂದಕ್ಕೆ ಬಾಗಿ, ಅವಳ ತುಟಿಯನ್ನೇ ದಿಟ್ಟಿಸುತ್ತಿದ್ದ. ಅವಳ ಜೊತೆ ಅವನ ದವಡೆಯೂ ಅಲ್ಲಾಡುತ್ತಿತ್ತು. “ನೀನು ಹೀಗೆ ನೋಡೋದಕ್ಕಿಂತ ಮಧ್ಯೆ ಬಾಯಿ ಹಾಕೋದೇ ವಾಸಿ” ಎಂದು ಅವಳು ಮೊಬೈಲಿನಲ್ಲಿ ಬರೆದಳು. ಗೂಡಿನಲ್ಲಿ ಕೂತು ಅದನ್ನು ಓದಿ, ಮೈಕ್ ಆರಿಸಿ, ಅವನು ಮುಖ ಮುಚ್ಚಿಕೊಂಡ. ಆ ಹೊತ್ತಿನ ಬಸ್ಸೊಂದು ಯಾರೂ ಸಾರದೆಯೇ ಹೊರಟುಹೋಯಿತು.

ಮಳೆ ಮುಗಿದ ಮೇಲೆ ಹೆಂಡತಿ ಒಂದು ದಿನ ಸುದ್ದಿ ಹೇಳಿದಳು. ಗುಬ್ಬಿಗೆ ಆಸ್ಪತ್ರೆಯೊಂದರಲ್ಲಿ, ನರ್ಸುಗಳ ಮಕ್ಕಳನ್ನು ನೋಡಿಕೊಳ್ಳುವ ಕೋಣೆಯಲ್ಲಿ ಕೆಲಸವಾಗಿದೆ. ಒಬ್ಬಳೇ ಹೋಗಿ ಮಾತಾಡಿ ಬಂದಿದ್ದಾಳೆ. ಅಪ್ಪನಿಗೆ ಮೊದಲೇ ಹೇಳಬೇಡ ಎಂದಿದ್ದಳಂತೆ.

“ಹೇಳಿದ್ರೆ ನಾನೇನು...” ಎಂದು ಶುರುಮಾಡಿದವನು ತಾನೇ ನಿಲ್ಲಿಸಿದ. ಹೇಳಿದ್ದರೆ ಅವನು ರಜೆ ಹಾಕುತ್ತಿದ್ದ. ಅದು ಅವನಿಗೂ ಗೊತ್ತಿತ್ತು. ಮಗಳಿಗೆ ಕೆಲಸ ಸಿಕ್ಕ ಖುಷಿ ಒಂದು ಕಡೆ, ಅವನಿಂದ ಮುಚ್ಚಿಟ್ಟಿದ್ದರಿಂದಲೇ ಅದು ಸಿಕ್ಕಿತು ಎಂಬ ಸಂಕಟ ಇನ್ನೊಂದು ಕಡೆ. ತಟ್ಟೆ ಸರಿಸಿ ಮಹಡಿ ಹತ್ತಿದ.

ಗುಬ್ಬಿ ಕೆಲಸಕ್ಕೆ ಸೇರಿ ಕೆಲವು ತಿಂಗಳಾಗಿದ್ದವು. ರಜೆಯ ದಿನ ಬೆಳಿಗ್ಗೆ ಅವನು ಮಹಡಿಯ ಮೇಲೆ ಗಿಡಗಳ ಮಣ್ಣು ಬದಲಿಸುತ್ತಿದ್ದ. ಮಡಚಿದ ಕಾಗದದ ಪಟ್ಟಿಯಿಂದ ಒಂದು ಗಿಡದ ನಡು ಹಿಡಿದು, ಇನ್ನೊಂದು ಕೈಯಲ್ಲಿ ಬೇರಿನ ಹಳೆ ಮಣ್ಣು ಉದುರಿಸುತ್ತಿದ್ದ. ಗುಬ್ಬಿ ಕಾಫಿ ತಂದಿಟ್ಟಳು. ಕೆಳಗೆ ಹೋಗಲಿಲ್ಲ. ಎದುರಿಗೆ ಕೂತು, ಕೇಳದೆಯೇ ಜಲ್ಲಿ ಜರಡಿ ಹಿಡಿಯತೊಡಗಿದಳು. ಆಮೇಲೆ ಮಾತಿಗೆ ಬಾಯಿ ತೆರೆದಳು.

“ನ... ನ...”

ಅವನು ತಲೆ ಎತ್ತಲಿಲ್ಲ. ಎತ್ತಬಾರದೆಂದೇ ಬೇರನ್ನು ನೋಡಿದ. ಅವಳು ಹೇಳಬಹುದಾದ ಮಾತುಗಳು ತಲೆಯೊಳಗೆ ನೂಕುನುಗ್ಗಲಾಡಿದವು. ನನಗೆ ಈ ಮನೆ ಬೇಡ. ನನ್ನ ಬದುಕು ನೀನು ಹಾಳುಮಾಡಿದೆ. ನಿನ್ನ ಕ್ಷಮಿಸಲ್ಲ. ಯಾವುದನ್ನು ಹೇಳಿದರೂ ತಲೆತಗ್ಗಿಸಿ ಕೇಳಬೇಕೆಂದುಕೊಂಡ. ಬೆರಳಿಗೆ ಮುಳ್ಳು ಚುಚ್ಚಿತು, ಕೈ ಕದಲಿಸಲಿಲ್ಲ. ಅವಳಿಗೆ ಬೇಕಾದಷ್ಟು ಹೊತ್ತು ಅವಳು ತೆಗೆದುಕೊಂಡಳು.

“ನ... ನರ್ಸಮ್ಮನ ಮಗ ಒಬ್ಬ ಇದಾನಪ್ಪ, ನಿನ್ನೆ ನನ್ನ ಮೂಗು ಕ... ಕಚ್ಚಿಬಿಟ್ಟ! ನೋಡಿಲ್ಲಿ.”

ಅವನು ಮೆಲ್ಲಗೆ ತಲೆಯೆತ್ತಿದ. ಮೂಗಿನ ಮೇಲೆ ಸಣ್ಣ ಹಲ್ಲುಗಳ ಕೆಂಪು ಗುರುತು. ಗುಬ್ಬಿ ನಗುತ್ತಿದ್ದಳು. ಆ ಹುಡುಗ ಯಾಕೆ ಕಚ್ಚಿದ, ಆಮೇಲೆ ತಾನೇ ಹೇಗೆ ಅತ್ತ, ಅವನನ್ನು ಹೇಗೆ ಸಮಾಧಾನ ಮಾಡಿದಳು ಎಂದು ಎಡವುತ್ತ, ನಿಲ್ಲುತ್ತ, ಕೊನೆಯವರೆಗೂ ಹೇಳಿದಳು. ಕಾಫಿ ಆರಿ ಹೋಯಿತು. ಮೈಕಣ್ಣನೂ ನಕ್ಕ.

ಅವಳು ಕೆಳಗಿಳಿದ ಮೇಲೆ ಗಿಡವನ್ನು ಕೈಯಲ್ಲೇ ಹಿಡಿದುಕೊಂಡು ಕೂತ. ಮೂಗು ಕಚ್ಚಿದ ಮಗು ಅವನ ಊಹೆಯ ಹತ್ತಿರಕ್ಕೂ ಬಂದಿರಲಿಲ್ಲ. ಹಾಗಾದರೆ ಇಷ್ಟು ವರ್ಷ ಅವಳ ಬಾಯಿಗೆ ಅವನು ತುರುಕಿದ ಮಾತುಗಳಲ್ಲಿ ಒಂದಾದರೂ ಅವಳದಾಗಿತ್ತೇ? ಅವಳ ನಿಜವಾದ ಮಾತುಗಳು, ತಮಾಷೆಗಳು, ಹಟಗಳು ಎಲ್ಲಿ ಹೋದವು? ಕೇಳಿದರೆ ಅವಳಿಗೂ ಈಗ ನೆನಪಿರಲಾರದು. ಅವನು ಬೇರನ್ನು ಒಣ ಮರಳಿಗೆ ಇಳಿಸಿ ಸುತ್ತ ಜಲ್ಲಿ ತುಂಬಿದ. ಕೆಳಗಿನ ಮನೆಯಿಂದ ಗುಬ್ಬಿ ಅಮ್ಮನಿಗೆ ಅದೇ ಕಥೆಯನ್ನು ಮತ್ತೆ ಮೊದಲಿನಿಂದ ಹೇಳುವುದು ಕೇಳಿಸುತ್ತಿತ್ತು.